ಉದ್ದ ಮುಖ, ಸಣ್ಣ ಮುಖ

ಚನ್ನಗಿರಿ
12–9–1982

ಶ್ರೀ ಪಂಚಾಕ್ಷರಪ್ಪನವರಿಗೆ,

1975ರ ಜನವರಿ 18ರ ಶನಿವಾರ, ಹೊನ್ನಾಳಿಯಲ್ಲಿ, ತುಂಬಿದ ಸಭೆಯಲ್ಲಿ, ತಾವು ನನ್ನ ಮಗಳ ಸರಿಯುತ್ತರವನ್ನು ತಪ್ಪೆಂದು ಓದಿ ಜನರನ್ನು ನಗಿಸಿದಿರಿ.

ತಾವು ಮರೆತಿರಬಹುದು. ನಾನು ಮರೆತಿಲ್ಲ. ಹೊನ್ನಾಳಿ ಮತ್ತು ಚನ್ನಗಿರಿ ತಾಲ್ಲೂಕುಗಳ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಸ್ಪರ್ಧೆ ಇತ್ತು. ಮುಖದ ಮೇಲಿನ ಇಂಗ್ಲಿಷ್ ನುಡಿಗಟ್ಟುಗಳನ್ನು ಕೊಟ್ಟು ಕನ್ನಡದಲ್ಲಿ ಅರ್ಥ ಬರೆಯಿರಿ ಎಂದು ಪ್ರಶ್ನೆ. ತಾವು ತೀರ್ಪುಗಾರರು. ಹತ್ತನೇ ತರಗತಿಯಲ್ಲಿದ್ದ ನನ್ನ ಮಗಳು ರುದ್ರಾಣಿ ‘ಲಾಂಗ್ ಫೇಸ್’ ಎಂಬುದಕ್ಕೆ ‘ಮುಖ ಸಣ್ಣದು ಮಾಡಿಕೊಳ್ಳುವುದು’ ಎಂದು ಬರೆದಳು. ತಾವು ಸೊನ್ನೆ ಹಾಕಿದಿರಿ. ಹಾಕಿ ಸುಮ್ಮನಿರಲಿಲ್ಲ. ಬಹುಮಾನ ಹಂಚುವ ಮುಂಚೆ ಮೈಕಿನ ಮುಂದೆ ನಿಂತು ಆ ಉತ್ತರವನ್ನು ಓದಿ, “ನೋಡ್ರಪ್ಪಾ, ಹೊನ್ನಾಳಿಯಾಗೆ ಉದ್ದ ಇದ್ದ ಮುಖ ಚನ್ನಗಿರಿ ಮುಟ್ಟೋದ್ರೊಳಗೆ ಸಣ್ಣದಾಗೈತೆ! ನಮ್ ರಸ್ತೆ ಹಂಗೈತೆ!” ಎಂದಿರಿ. ರಸ್ತೆಯ ಮಾತಿಗೆ ಅತಿಥಿಗಳೂ ನಕ್ಕರು. ಹೆಸರು ಹೇಳಲಿಲ್ಲ, ನಿಜ. ಆದರೆ ಬರೆದದ್ದು ಹುಡುಗಿ ಎಂದಿರಿ, ಚನ್ನಗಿರಿಯಿಂದ ಬಂದಿದ್ದ ಹುಡುಗಿ ಆಕೆ ಒಬ್ಬಳೇ.

ಆಕೆಯ ಸಹಪಾಠಿಗಳು ವಾಪಸು ಬರುವ ಬಸ್ಸಿನಲ್ಲೇ ಹೊಸ ಹೆಸರು ಕಟ್ಟಿದರು. ಷಣ್ಮುಖಿ ಅಲ್ಲ, ‘ಸಣ್ಮುಖಿ’. “ಸಣ್ಮುಖಿ ಬಂದ್ಲು, ಜಾಗ ಬಿಡ್ರೋ, ಸಣ್ಣ ಜಾಗ ಸಾಕು!” ಪಿ.ಯು.ಸಿ. ಮುಗಿಯುವವರೆಗೂ ಆ ಹೆಸರು ಹೋಗಲಿಲ್ಲ. ಇದಾದ ಮೇಲೆ ನಾನು ತಮ್ಮ ಮನೆಗೆ ಬರಲಿಲ್ಲ, ತಮ್ಮ ಮಗನ ಮದುವೆಗೂ ಬರಲಿಲ್ಲ. ಕಾರಣ ತಮಗೆ ಗೊತ್ತಾಗಲಿಲ್ಲವೆಂದು ಯಾರೋ ಹೇಳಿದರು. ಈಗ ಗೊತ್ತಾಯಿತಲ್ಲ.

ಇಷ್ಟು ವರ್ಷ ಸುಮ್ಮನಿದ್ದವನು ಈಗೇಕೆ ಬರೆಯುತ್ತಿದ್ದೇನೆಂದರೆ, ಹೋದ ವಾರ ನನ್ನ ಪುಸ್ತಕದಂಗಡಿಗೆ ದಾವಣಗೆರೆಯಿಂದ ಪಾರ್ಸಲ್ ಬಂತು. ಅದರಲ್ಲಿ ನುಡಿಗಟ್ಟುಗಳ ಬಗ್ಗೆ ತಾವು ಬರೆದ ಹೊಸ ಕೈಪಿಡಿ. ನಲವತ್ಮೂರನೇ ಪುಟದಲ್ಲಿ ‘ನಗೆಪಾಟಲಿನ ತಪ್ಪುಗಳು’ ಎಂಬ ತಲೆಬರಹ. ಕೆಳಗೆ, “ಲಾಂಗ್ ಫೇಸ್ ಎಂದರೆ ದುಃಖದ ಮುಖ. ‘ಉದ್ದ’ವನ್ನು ‘ಸಣ್ಣ’ ಮಾಡಿದ ಒಬ್ಬ ಜಾಣೆ ಚನ್ನಗಿರಿ ಕಡೆಯವಳು.”

ಆ ಜಾಣೆ ಈಗ ಜಗಳೂರಿನ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಅಧ್ಯಾಪಕಿ. ಇವತ್ತಲ್ಲ ನಾಳೆ ಈ ಪುಸ್ತಕ ಆಕೆಯ ಶಾಲೆಗೂ ಹೋಗುತ್ತದೆ. ತನ್ನನ್ನು ಗೇಲಿ ಮಾಡುವ ಪುಟವನ್ನು ತಾನೇ ಮಕ್ಕಳಿಗೆ ಪಾಠ ಮಾಡಬೇಕು. ಇದಕ್ಕೆ ತಮ್ಮ ಉತ್ತರವೇನು? ಬರವಣಿಗೆಯಲ್ಲಿ ತಿಳಿಸಬೇಕು.

ಇಂತು,
ಕೊಟ್ರಬಸಪ್ಪ


ಹೊನ್ನಾಳಿ
25–9–1982

ಪ್ರಿಯ ಕೊಟ್ರಬಸಪ್ಪ,

ಲಕೋಟೆಯ ಮೇಲೆ ನಿನ್ನ ಅಕ್ಷರ ಕಂಡು ಖುಷಿಯಾಯಿತು. ಒಡೆದ ಮೇಲೆ ಹೋಯಿತು. ನನಗೆ ನೀನು ‘ತಾವು’ ಎಂದು ಬರೆಯುವ ಕಾಲ ಬಂತೇ? ಶಿವಮೊಗ್ಗದ ಹಾಸ್ಟೆಲಿನಲ್ಲಿ ಒಂದೇ ಹಾಳೆಯ ಮೇಲೆ ಮಂಡಕ್ಕಿ ಸುರಿದುಕೊಂಡು ತಿಂದವರು ನಾವು. ನಿನ್ನ ಪಾಲಿನ ಮೆಣಸಿನಕಾಯಿಯನ್ನೂ ನಾನೇ ತಿನ್ನುತ್ತಿದ್ದೆ.

ಆ ಹುಡುಗಿ ನಿನ್ನ ಮಗಳೆಂದು ಅಂದು ನನಗೆ ತಿಳಿದಿರಲಿಲ್ಲ, ಇದು ಸತ್ಯ. ಉತ್ತರಪತ್ರಿಕೆಯ ಮೇಲೆ ನಂಬರು, ಊರು, ಹುಡುಗಿ ಎಂದಷ್ಟೇ ಇತ್ತು, ಹೆಸರು ಇರಲಿಲ್ಲ. ತಿಳಿದಿದ್ದರೆ ಹೇಳುತ್ತಿರಲಿಲ್ಲ. ಆದರೆ ತಪ್ಪು ತಪ್ಪೇ ಅಲ್ಲವೇ? ‘ಲಾಂಗ್’ ಎಂದರೆ ಉದ್ದ. ಅದಕ್ಕೆ ‘ಸಣ್ಣ’ ಎಂದು ಬರೆದರೆ ಯಾವ ಮೇಷ್ಟ್ರು ಒಪ್ಪುತ್ತಾನೆ? ದುಃಖ, ಖಿನ್ನತೆ, ವಿಷಾದ ಎಂದು ಯಾವುದನ್ನಾದರೂ ಬರೆಯಬಹುದಿತ್ತು. ‘ಮುಖ ಸಣ್ಣದು ಮಾಡ್ಕಳದು’ ಎಂಬುದು ಮನೆಯ ಜಗುಲಿಯ ಮೇಲಿನ ಮಾತು. ಪರೀಕ್ಷೆಯಲ್ಲಿ ಗ್ರಂಥಸ್ಥವಾದ ಮಾತು ಬರೆಯಬೇಕೆಂದು ಮಕ್ಕಳಿಗೆ ಕಲಿಸುವುದೇ ನಮ್ಮ ಕೆಲಸ. ಇಲ್ಲದಿದ್ದರೆ ನಮ್ಮ ಕಡೆ ಮಕ್ಕಳು ಬೆಂಗಳೂರಿನವರ ಮುಂದೆ ಹೆಂಗೆ ನಿಲ್ಲುತ್ತಾರೆ?

ನಗೆಯಲ್ಲಿ ಕಲಿತದ್ದು ಮನಸ್ಸಿನಲ್ಲಿ ಉಳಿಯುತ್ತದೆ ಎಂದು ಆ ಅಧ್ಯಾಯ ಬರೆದೆ. ಆಕೆ ಇಂಗ್ಲಿಷ್ ಅಧ್ಯಾಪಕಿಯಾದಳೆಂದರೆ ನನ್ನ ನಗೆ ಆಕೆಗೆ ಹಾನಿ ಮಾಡಲಿಲ್ಲ ಎಂದಾಯಿತು. ಸಣ್ಣ ವಿಷಯ, ಬಿಟ್ಟುಬಿಡು. ಅವ್ವ ನಿನ್ನನ್ನು ಆಗಾಗ ಕೇಳುತ್ತಿರುತ್ತಾಳೆ. ಒಮ್ಮೆ ಬಂದು ಹೋಗು.

ನಿನ್ನ,
ಪಂಚಾಕ್ಷರಿ


ಜಗಳೂರು
17–10–1982

ತೀರ್ಥರೂಪ ಅಪ್ಪಾಜಿಯವರಿಗೆ ರುದ್ರಾಣಿಯ ಶರಣು.

ನಾನು ಚೆನ್ನಾಗಿದ್ದೇನೆ. ಅವ್ವ ಕಳಿಸಿದ ಶೇಂಗಾ ಚಟ್ನಿಪುಡಿ ಮುಗಿಯಿತು ಎಂದು ಅವ್ವನಿಗೆ ಹೇಳಿ. ಬೇರೆ ಯಾವ ಕೊರತೆಯೂ ಇಲ್ಲ.

ಒಂದು ವಿಷಯ ಬರೆಯಲೋ ಬೇಡವೋ ಎಂದು ಯೋಚಿಸುತ್ತಲೇ ಇದ್ದೆ. ನಮ್ಮ ಹೆಡ್‌ಮಾಸ್ಟರು ತಿಪ್ಪೇರುದ್ರಸ್ವಾಮಿಯವರು ಒಂಬತ್ತನೇ ತರಗತಿಗೆ ಒಂದು ಕೈಪಿಡಿ ತರಿಸಿದ್ದಾರೆ. ಬರೆದವರು ಯಾರೆಂದು ನಿಮಗೆ ಗೊತ್ತಿರಬೇಕು, ನಮ್ಮ ಅಂಗಡಿಗೂ ಬಂದಿರುತ್ತದೆ. ನಲವತ್ಮೂರನೇ ಪುಟ ನೋಡಿದ ದಿನವೇ ನಾನು ಅವರ ಹತ್ತಿರ ಹೋಗಿ, “ಸಾರ್, ನನಗೆ ಇಂಗ್ಲಿಷ್ ಬ್ಯಾಡ, ಸಮಾಜ ಕೊಡ್ರಿ” ಎಂದೆ. “ಅಲ್ರೀ ಮೇಡಂ, ಇಂಗ್ಲಿಷ್ ಮಾಡಾಕೆ ಈ ಊರಿಗೆ ಯಾರೂ ಬರಂಗಿಲ್ಲ. ಬಂದಿರೋ ನೀವೂ ಬ್ಯಾಡ ಅಂದ್ರೆ ಹೆಂಗೆ? ಈ ವರ್ಷ ಒಂದು ತಳ್ರಿ, ಮುಂದೆ ನೋಡಾಣ” ಎಂದರು. ಕಾರಣ ಕೇಳಿದರು. ಹೇಳಲಿಲ್ಲ.

ಪಾಠ ಆ ಪುಟಕ್ಕೆ ಬಂದೇ ಬಂತು. ಮುಂದಿನ ಬೆಂಚಿನ ಉಚ್ಚಂಗೆಮ್ಮ ಎದ್ದು ಓದಿದಳು. ಬಹಳ ಚುರುಕು ಹುಡುಗಿ, ಮಾತು ಇನ್ನೂ ಚುರುಕು. ‘ಒಬ್ಬ ಜಾಣೆ ಚನ್ನಗಿರಿ ಕಡೆಯವಳು’ ಎಂಬಲ್ಲಿಗೆ ಬಂದಾಗ ನಾನು ಬೋರ್ಡಿನ ಕಡೆ ತಿರುಗಿ ಸುಮ್ಮನೆ ಡಸ್ಟರ್ ಆಡಿಸುತ್ತಿದ್ದೆ, ನಗುವಿಗೆ ಕಾಯುತ್ತಾ. ನಗು ಬರಲಿಲ್ಲ. ಅವಳು ಪುಸ್ತಕ ಕೆಳಗಿಟ್ಟು, “ಮೇಡಂ, ಇದ್ರಾಗೆ ನಗಾಕೆ ಏನೈತ್ರಿ?” ಎಂದಳು.

“ಯಾಕೆ?” ಎಂದೆ.

“ಬೇಜಾರಾದ್ರೆ ಮುಖ ಸಣ್ಣದೇ ಆಗ್ತತಲ್ರಿ. ಆ ಹುಡ್ಗಿ ಸರಿಯಾಗೇ ಬರ್ದಾಳೆ. ಈ ಬುಕ್ ಬರ್ದಿರೋ ಸಾರ್‌ಗೆ ಯಾರೂ ಬೈದಿಲ್ಲ ಅನ್ಸುತ್ತೆ, ಅದಕ್ಕೇ ಗೊತ್ತಿಲ್ಲ.”

ಹಿಂದಿನಿಂದ ಚಿಕ್ಕಹನುಮಂತಪ್ಪ, “ಉದ್ದ ಮುಖ ಅಂದ್ರೆ ಜಟಕಾ ಕುದ್ರೇದು ಮೇಡಂ! ಅದು ಯಾವಾಗ್ಲೂ ಬೇಜಾರಾಗೇ ನಿಂತಿರ್ತತೆ!” ಎಂದ. ಆಗ ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ.

ಅಪ್ಪಾಜಿ, ಆಮೇಲೆ ನಾನು ಪುಸ್ತಕ ಮುಚ್ಚಿಟ್ಟು ಮಕ್ಕಳ ಮುಖದ ಮೇಲೇ ಪಾಠ ಮಾಡಿದೆ. ‘ರೇಯ್ಸ್ ಆ್ಯನ್ ಐಬ್ರೋ’ ಎಂದರೆ ಹುಬ್ಬೇರಿಸುವುದು. ಅಲ್ಲಿಯೂ ಹುಬ್ಬು ಏರುತ್ತದೆ, ಇಲ್ಲಿಯೂ ಏರುತ್ತದೆ, ಎರಡು ಭಾಷೆಗೂ ಒಂದೇ ಹುಬ್ಬು. ತಾತ್ಸಾರ ಮಾಡುವಾಗ ಇಂಗ್ಲಿಷಿನವರು ಮೂಗನ್ನು ಮೇಲಕ್ಕೆತ್ತುತ್ತಾರೆ, ನಾವು ಮೂಗು ಮುರಿಯುತ್ತೇವೆ. ಎರಡನ್ನೂ ಮಾಡಿ ತೋರಿಸಿ ಎಂದೆ. ನಲವತ್ತು ಮೂಗು ಏನೇನೋ ಆದವು. ‘ಸ್ಟಿಫ್ ಅಪ್ಪರ್ ಲಿಪ್’ ಎಂದರೆ ಮೇಲ್ದುಟಿ ಬಿಗಿಹಿಡಿಯುವುದು ಎಂದ ಕೂಡಲೇ ಹುಡುಗರು ಇಲ್ಲದ ಮೀಸೆ ತಿರುವಿದರು. ಮೀಸೆಯಲ್ಲ, ಕಷ್ಟ ಬಂದಾಗ ತುಟಿ ಅದುರದ ಹಾಗೆ ಇರುವುದು ಎಂದೆ. “ಅದಕ್ಕೆ ನಾವು ತುಟಿ ಕಚ್ಕಂತೀವಿ” ಎಂದಳು ಉಚ್ಚಂಗೆಮ್ಮ.

ಕಡೆಗೆ ಸಂತೋಷಕ್ಕೆ ಬಂದೆವು. “ಖುಷಿಯಾದ್ರೆ ಮುಖ ಏನಾಗುತ್ತೆ?” ಎಂದೆ. ಎಲ್ಲರೂ ಒಟ್ಟಿಗೆ “ಊರಗಲ!” ಎಂದು ಕೂಗಿದರು. ಆ ಕ್ಷಣಕ್ಕೆ ನನಗೆ ಹೊಳೆಯಿತು. ಇಂಗ್ಲಿಷಿನಲ್ಲಿ ದುಃಖಕ್ಕೆ ಮುಖ ಉದ್ದಕ್ಕೆ ಇಳಿಯುತ್ತದೆ. ನಮ್ಮಲ್ಲಿ ಮುಖ ಇರುವುದೇ ಅಗಲದ ಲೆಕ್ಕದಲ್ಲಿ, ಸುಖಕ್ಕೆ ಊರಗಲ, ದುಃಖಕ್ಕೆ ಸಣ್ಣ. ಹದಿನೈದು ವರ್ಷದವಳಿದ್ದಾಗ ಇದೆಲ್ಲ ತಿಳಿದು ಬರೆದದ್ದಲ್ಲ. ನನಗೆ ಗೊತ್ತಿದ್ದ ಕನ್ನಡ ಬರೆದೆ.

ಆ ಹುಡುಗಿ ನಾನೇ ಎಂದು ಮಕ್ಕಳಿಗೆ ಹೇಳಲು ಬಾಯಿ ಬರಲಿಲ್ಲ. ‘ಸ್ಟ್ರೇಟ್ ಫೇಸ್’ ಎಂಬುದಕ್ಕೆ, ಒಳಗೆ ಏನಿದ್ದರೂ ಮುಖದಲ್ಲಿ ತೋರದಿರುವುದು ಎಂದು ಅರ್ಥ ಹೇಳಿ, ಹಾಗೆಯೇ ಮುಖ ಮಾಡಿಕೊಂಡು ಸ್ಟಾಫ್ ರೂಮಿಗೆ ಬಂದೆ. ನೀವು ಹೊನ್ನಾಳಿಯವರಿಗೆ ಏನೂ ಬರೆಯಬೇಡಿ. ನಿಮ್ಮ ಕೋಪ ನನಗೆ ಗೊತ್ತು.

ನಿಮ್ಮ ಮಗಳು,
ರುದ್ರಾಣಿ


ಚನ್ನಗಿರಿ
24–10–1982

ಶ್ರೀ ಪಂಚಾಕ್ಷರಪ್ಪನವರಿಗೆ,

‘ಸಣ್ಣ ವಿಷಯ’ ಎಂದು ಬರೆದಿದ್ದೀರಿ. ಸಣ್ಣ ಎಂಬ ಮಾತನ್ನು ತಾವು ಎಲ್ಲಿ ಬಳಸಬೇಕೋ ಅಲ್ಲಿ ಬಿಟ್ಟು ಬೇರೆಲ್ಲಾ ಕಡೆ ಬಳಸುತ್ತೀರಿ.

ಜಗುಲಿಯ ಮೇಲಿನ ಮಾತು ಪರೀಕ್ಷೆಗೆ ಸಲ್ಲದು ಎನ್ನುತ್ತೀರಿ. ‘ಲಾಂಗ್ ಫೇಸ್’ ಎಂಬುದೇನು, ಇಂಗ್ಲೆಂಡಿನ ಮಠಾಧೀಶರು ಕೂತು ರಚಿಸಿದ್ದೇ? ಅದೂ ಯಾರದೋ ಜಗುಲಿಯ ಮೇಲೆ ಹುಟ್ಟಿದ್ದು. ಅವರ ಜಗುಲಿಯ ಮಾತಿಗೆ ನಮ್ಮ ಜಗುಲಿಯ ಮಾತನ್ನು ಎದುರಿಟ್ಟವಳು ನನ್ನ ಮಗಳು. ನುಡಿಗಟ್ಟಿಗೆ ನುಡಿಗಟ್ಟು. ತಾವು ಒಂದೊಂದು ಪದವನ್ನೇ ಕಿತ್ತು ಉದ್ದ, ಸಣ್ಣ ಎಂದು ಅಳೆದಿರಿ. ಹೀಗೆ ಅಳೆದರೆ ‘ಮೂಗು ಮುರಿದರು’ ಎಂದ ಕೂಡಲೇ ಆಸ್ಪತ್ರೆಗೆ ಕಳಿಸಬೇಕಾಗುತ್ತದೆ.

ಜಗಳೂರಿನ ಮಕ್ಕಳ ಮುಂದೆ ತಮ್ಮ ನಲವತ್ಮೂರನೇ ಪುಟವನ್ನು ಈಗಾಗಲೇ ಓದಲಾಗಿದೆ. ಒಬ್ಬರೂ ನಗಲಿಲ್ಲ. ‘ಆ ಹುಡ್ಗಿ ಸರಿಯಾಗೇ ಬರ್ದಾಳೆ’ ಎಂದರು. ತಮ್ಮ ಪುಸ್ತಕದ ನಗೆ ಹೊನ್ನಾಳಿಯಿಂದ ಜಗಳೂರು ಮುಟ್ಟುವುದರೊಳಗೆ ಸಣ್ಣದಾಯಿತು. ರಸ್ತೆ ಹಾಗಿದೆ.

ಇನ್ನೊಂದು ಮಾತು. 1944ರಲ್ಲಿ ಇಂಟರ್‌ಮೀಡಿಯೆಟ್ ಸೇರಿದ ವರ್ಷ, ದಸರಾ ರಜೆಗೆ ನಾನು ತಮ್ಮ ಮನೆಗೆ ಬಂದಿದ್ದೆ. ಆಗ ನಾವು ‘ನೀನು’ ಎನ್ನುತ್ತಿದ್ದುದರಿಂದ ಈ ಪ್ಯಾರಾದಲ್ಲಿ ಮಾತ್ರ ಹಾಗೆ ಬರೆಯುತ್ತೇನೆ. ರಜೆ ಮುಗಿಸಿ ಇಬ್ಬರೂ ಶಿವಮೊಗ್ಗಕ್ಕೆ ಹೊರಟೆವು. ಯುದ್ಧದ ಕಾಲ, ಇದ್ದಿಲ ಬಸ್ಸು. ಡ್ರೈವರು ಇದ್ದಿಲ ಒಲೆಗೆ ಗಾಳಿ ಹಾಕುತ್ತಿದ್ದ, ಬಸ್ಸು ಏಳುತ್ತಿರಲಿಲ್ಲ. ನಿನಗೆ ಹಾಸ್ಟೆಲಿಗೆ ಹೋಗಲು ಇಷ್ಟವಿರಲಿಲ್ಲ. ಕಿಟಕಿಯ ಹತ್ತಿರ ಕೂತು ಹೊಳೆಯ ಕಡೆ ಮುಖ ಮಾಡಿದ್ದೆ. ನಿನ್ನ ತಾಯಿ ಹೊನ್ನೂರಮ್ಮನವರು ರೊಟ್ಟಿಯ ಗಂಟನ್ನು ಕಿಟಕಿಯಿಂದ ಒಳಗೆ ಕೊಟ್ಟು ಏನೆಂದರು? “ಯಾಕೋ ಪಂಚಾಕ್ಷರಿ, ಮುಖ ಯಾಕೆ ಸಣ್ಣದ್ ಮಾಡ್ಕಂಡೀಯ? ಸಂಕ್ರಾಂತಿಗೆ ಬರ್ತೀಯಲ್ಲ!” ಎಂದರು. ಆ ಮಾತಿಗೆ ನೀನು ಅತ್ತೆ. ನಾನು ನೋಡದವನ ಹಾಗೆ ಆ ಕಡೆ ತಿರುಗಿದೆ.

ಹೊನ್ನೂರಮ್ಮನವರ ಆ ಮಾತು ತಪ್ಪೋ? ಅವರಿಗೂ ಸೊನ್ನೆ ಹಾಕುತ್ತೀರೋ?

ಇಂತು,
ಕೊಟ್ರಬಸಪ್ಪ


ಹೊನ್ನಾಳಿ
9–1–1983

ಕೊಟ್ರಬಸಪ್ಪ,

ನಿನ್ನ ಪತ್ರಕ್ಕೆ ಉತ್ತರ ಬರೆಯಬಾರದು ಎಂದುಕೊಂಡಿದ್ದೆ. ದೀಪಾವಳಿ ಕಳೆಯಿತು, ಹೊಸ ವರ್ಷವೂ ಬಂತು, ಪತ್ರ ಮಾತ್ರ ಮೇಜಿನ ಮೇಲೇ ಇತ್ತು.

ನಿನ್ನೆ ಅದನ್ನು ಇನ್ನೊಮ್ಮೆ ಓದಿ ಪಡಸಾಲೆಯಲ್ಲಿ ಕೂತಿದ್ದೆ. ಅವ್ವ ಗೋಡೆ ಹಿಡಿದುಕೊಂಡು ಬಂದಳು. ಅವಳಿಗೀಗ ದೃಷ್ಟಿ ಅಷ್ಟಕ್ಕಷ್ಟೆ. ನನ್ನ ಎದುರು ನಿಂತು ದಿಟ್ಟಿಸಿ, “ಯಾಕೋ, ಮುಖ ಸಣ್ಣದ್ ಮಾಡ್ಕಂಡು ಕುಂತೀಯ? ನನಗೆ ಕಾಣಾದೇ ಇಷ್ಟು, ಅದ್ರಾಗೂ ಕಾಣ್ತತೆ ನೋಡು” ಎಂದಳು. ನಾನು ಏನೂ ಇಲ್ಲವ್ವ ಎಂದೆ. “ಏನೂ ಇಲ್ದೆ ಮುಖ ಸಣ್ಣದಾಗ್ತತೇನು? ಹೇಳು ಅತ್ಲಾಗೆ” ಎಂದಳು.

ನಿನ್ನ ಮಗಳು ಬರೆದದ್ದು ಸರಿ. ಅಂದು ನನ್ನ ಕಣ್ಣಿಗೆ ಬಿದ್ದದ್ದು ಉದ್ದ, ಸಣ್ಣ ಎಂಬ ಎರಡು ಪದ ಮಾತ್ರ. ಪಕ್ಕದಲ್ಲಿ ಅತಿಥಿಗಳು ಕೂತಿದ್ದರು, ನಗೆಮಾತು ನಾಲಿಗೆಗೆ ಬಂತು, ಆಡಿಬಿಟ್ಟೆ. ಜನ ನಕ್ಕರು. ನಕ್ಕದ್ದರಿಂದ ಸರಿಯೆಂದು ನಾನೂ ನಂಬಿದೆ.

ಕೈಪಿಡಿ ಎರಡನೇ ಮುದ್ರಣಕ್ಕೆ ಹೋಗುತ್ತಿದೆ. ಆ ಸಾಲುಗಳನ್ನು ತೆಗೆದುಬಿಡುತ್ತೇನೆ, ಯಾರಿಗೂ ಗೊತ್ತಾಗದ ಹಾಗೆ. ಈ ತಪ್ಪಿಗೆ ನಿನ್ನನ್ನೂ ನಿನ್ನ ಮಗಳನ್ನೂ ಖಾಸಗಿಯಾಗಿ ಕ್ಷಮೆ ಕೇಳುತ್ತೇನೆ. ಒಂದೇ ಕೋರಿಕೆ. ಫೆಬ್ರವರಿ 27ರ ಭಾನುವಾರ ನ್ಯಾಮತಿಯಲ್ಲಿ ಇಂಗ್ಲಿಷ್ ಅಧ್ಯಾಪಕರ ಬಳಗದ ಸಭೆ ಇದೆ. ನನಗೆ ಅಲ್ಲಿ ಸನ್ಮಾನ, ಹೊಸ ಮುದ್ರಣದ ಬಿಡುಗಡೆಯೂ ಅಲ್ಲೇ. ಆ ದಿನ ಈ ಮಾತು ಯಾರ ಬಾಯಲ್ಲೂ ಬರದಿರಲಿ. ಮೂವತ್ತು ವರ್ಷ ಪಾಠ ಮಾಡಿದವನು ನಾನು. ಶಿಷ್ಯರ ಮುಂದೆ ನನ್ನ ಮುಖ ಉಳಿಯಬೇಕಲ್ಲ. ಇದು ನಮ್ಮಿಬ್ಬರೊಳಗೇ ಇರಲಿ.

ಪಂಚಾಕ್ಷರಿ


ಚನ್ನಗಿರಿ
16–1–1983

ಚಿರಂಜೀವಿ ರುದ್ರಾಣಿಗೆ ಆಶೀರ್ವಾದಗಳು.

ನೀನು ಬರೆಯಬೇಡ ಎನ್ನುವ ಮುಂಚೆ ಹೊನ್ನಾಳಿಗೆ ಒಂದು ಪತ್ರ ಹೋಗಿತ್ತು. ಬೇಡ ಎಂದ ಮೇಲೆ ಇನ್ನೊಂದು ಹೋಯಿತು. ಉತ್ತರ ಬಂದಿದೆ, ಇದರ ಜೊತೆ ಇಟ್ಟಿದ್ದೇನೆ. ಓದು.

ನಿನ್ನ ಅವ್ವನಿಗೂ ಓದಿ ಹೇಳಿದೆ. ಎಳ್ಳು ಹುರಿಯುವುದನ್ನು ಬಿಟ್ಟು ಕೇಳಿದಳು. “ಅವಾಗ ಮೈಕು, ಇವಾಗ ಇನ್‌ಲ್ಯಾಂಡು ಲೆಟ್ರು! ಊರಿನ ಮುಂದೆ ನಗಿಸಿ ಕಿವ್ಯಾಗೆ ಬಂದು ತಪ್ಪಾತು ಅಂದ್ರೆ ಹೆಂಗ್ರಿ ಅದು?” ಎಂದಳು. ಆಮೇಲೆ, “ಆದ್ರೆ ಹೊನ್ನೂರಮ್ಮ ಚಲೋ ಹೆಂಗಸು ಕಣ್ರಿ, ನೀವು ಆಯಮ್ಮನ ಮಗನಿಗೆ ಬಾಳ ಬಿರುಸಾಗಿ ಬರೀಬ್ಯಾಡ್ರಿ” ಎಂದಳು. ಎಳ್ಳು ಸೀದು ಹೋಯಿತು. ಅದಕ್ಕೂ ನಾನೇ ಕಾರಣನಂತೆ.

ಪಂಚಾಕ್ಷರಿ ಬರೆದ ‘ಮುಖ ಉಳಿಯಬೇಕಲ್ಲ’ ಎಂಬ ಮಾತು ಅವರ ಕೈಪಿಡಿಯಲ್ಲಿ ‘ಸೇವ್ ಫೇಸ್’ ಎಂದು ಇದೆ. ಅರ್ಥವನ್ನು ಬಹಳ ಸರಿಯಾಗಿ ಬರೆದಿದ್ದಾರೆ.

ನನಗೆ ಇದು ಸಾಲದು. ಆದರೆ ಮುಖ ನಿನ್ನದು, ನನ್ನದಲ್ಲ. ನಿನಗೆ ಖಾಸಗಿ ಕ್ಷಮೆ ಸಾಕೆನಿಸಿದರೆ ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ಕಷ್ಟ, ಆದರೂ ಮುಚ್ಚಿಕೊಳ್ಳುತ್ತೇನೆ.

ಆಶೀರ್ವಾದಗಳೊಂದಿಗೆ,
ನಿನ್ನ ಅಪ್ಪಾಜಿ


ಜಗಳೂರು
30–1–1983

ತೀರ್ಥರೂಪ ಅಪ್ಪಾಜಿಯವರಿಗೆ ಶರಣು.

ಅವರ ಪತ್ರ ಓದಿದ ದಿನ ನನಗೆ ಸಾಕೆನಿಸಿತು. ಸರಿ ಎಂದರಲ್ಲ, ಇನ್ನೇನು ಬೇಕು ಎಂದುಕೊಂಡೆ. ಹೊನ್ನೂರಮ್ಮಜ್ಜಿ ಬಂದು ನಿಂತದ್ದನ್ನು ಓದುವಾಗ ಅವರ ಮೇಲೆ ಕನಿಕರವೂ ಬಂತು. ಮಾರನೆಯ ದಿನ ಒಂಬತ್ತನೇ ತರಗತಿಯಲ್ಲಿ ಪಾಠ ನಿಲ್ಲಿಸಿ, “ನಲವತ್ಮೂರನೇ ಪುಟದ ಹುಡುಗಿ ನಾನೇ” ಎಂದು ಹೇಳಿಬಿಟ್ಟೆ.

ಚಿಕ್ಕಹನುಮಂತಪ್ಪ ಪುಸ್ತಕ ತೆಗೆದು ಪುಟ ನೋಡಿದ, ನನ್ನನ್ನು ನೋಡಿದ, ಮತ್ತೆ ಪುಟ ನೋಡಿದ. ಪುಸ್ತಕದಲ್ಲಿರುವವರನ್ನು ಅವನು ಎದುರಿಗೆ ಕಂಡದ್ದು ಇದೇ ಮೊದಲಂತೆ. ಆ ಸಾಲನ್ನು ಮುಂದಿನ ಮುದ್ರಣದಲ್ಲಿ ತೆಗೆದುಹಾಕುತ್ತಾರೆ ಎಂದೆ. ಉಚ್ಚಂಗೆಮ್ಮ ಎದ್ದು ನಿಂತಳು.

“ಯಾಕ್ ತೆಗೀತಾರೆ ಮೇಡಂ?”

“ತಪ್ಪಾಗಿದೆಯಲ್ಲ, ಅದಕ್ಕೆ.”

“ತಪ್ಪಾದ್ರೆ ತಿದ್ದಬೇಕು ಅಂತ ನೀವೇ ಹೇಳ್ತೀರಿ. ನಾವು ಹಾಳೆ ಹರಿದ್ರೆ ಬೈತೀರಿ. ಆಯಪ್ಪ ಹಾಳೆ ಹರಿತಾನೇನ್ರಿ? ತಿದ್ದಿ, ಅಲ್ಲೇ ನಿಮ್ಮ ಹೆಸ್ರು ಹಾಕ್ಲಿ. ಬರೇ ಚನ್ನಗಿರಿ ಕಡೆಯವಳು ಅಂದ್ರೆ ಯಾರಿಗೆ ಗೊತ್ತಾಗ್ತತೆ?”

‘ಆಯಪ್ಪ’ ಅನ್ನಬಾರದು, ‘ಅವರು’ ಅನ್ನಬೇಕು ಎಂದು ತಿದ್ದಿದೆ. ಉಳಿದದ್ದನ್ನು ತಿದ್ದಲಿಲ್ಲ, ತಿದ್ದುವಂಥದ್ದು ಇರಲಿಲ್ಲ.

ಅಪ್ಪಾಜಿ, ಇಷ್ಟು ವರ್ಷ ಆ ಸಭೆಯಲ್ಲಿ, ಆಮೇಲೆ ಆ ಪುಟದಲ್ಲಿ, ನನ್ನ ಹೆಸರು ಇಲ್ಲವಲ್ಲ ಎಂಬುದೇ ನನಗೆ ಸಮಾಧಾನವಾಗಿತ್ತು. ಈಗ ಹೆಸರು ಬೇಕು. ಸದ್ದಿಲ್ಲದೆ ತೆಗೆದರೆ, ಅಂದು ನಕ್ಕವರೆಲ್ಲ ನಗುತ್ತಲೇ ಇರುತ್ತಾರೆ. ಮೊದಲ ಮುದ್ರಣ ಕೊಂಡವರ ಮನೆಯಲ್ಲಿ ನಾನು ಆ ನಗೆಪಾಟಲಿನ ಹುಡುಗಿಯಾಗಿಯೇ ಉಳಿಯುತ್ತೇನೆ.

ಹೆಡ್‌ಮಾಸ್ಟರಿಗೂ ಎಲ್ಲ ಹೇಳಿದೆ. “ಇದಕ್ಕಾ ನೀವು ಸಮಾಜ ಕೇಳಿದ್ದು!” ಎಂದು ತಲೆ ಚಚ್ಚಿಕೊಂಡರು. ನ್ಯಾಮತಿಯ ಸಭೆಗೆ ಒಂದು ಮಾದರಿ ಪಾಠ ಬೇಕೆಂದು ಬಳಗದವರು ಅವರಿಗೆ ಬರೆದಿದ್ದರಂತೆ. ಅವರು ನನ್ನ ಹೆಸರು ಕಳಿಸಿದ್ದಾರೆ, ಒಪ್ಪಿಗೆಯೂ ಬಂದಿದೆ. ಪಾಠದ ವಿಷಯ, ಮುಖದ ಮೇಲಿನ ಇಂಗ್ಲಿಷ್ ನುಡಿಗಟ್ಟುಗಳು. ಉಚ್ಚಂಗೆಮ್ಮನನ್ನೂ ಇನ್ನು ಕೆಲವು ಮಕ್ಕಳನ್ನೂ ಕರೆತರುತ್ತೇನೆ. ಮುಂದಿನ ವರ್ಷಕ್ಕೂ ಇಂಗ್ಲಿಷನ್ನೇ ಕೊಡಿ ಎಂದು ಕೇಳಿದ್ದೇನೆ.

ಈಗ ಹೊನ್ನಾಳಿಯವರಿಗೆ ಬರೆಯಿರಿ. ನೀವು ಅವ್ವನನ್ನು ಕರೆದುಕೊಂಡು ನ್ಯಾಮತಿಗೆ ಬನ್ನಿ.

ನಿಮ್ಮ ಮಗಳು,
ರುದ್ರಾಣಿ


ಚನ್ನಗಿರಿ
13–2–1983

ಪಂಚಾಕ್ಷರಿ,

ತಪ್ಪು ಒಪ್ಪಿಕೊಂಡವನಿಗೆ ‘ತಾವು’ ಎನ್ನಲು ನನ್ನಿಂದ ಆಗದು. ಅದಕ್ಕೇ ಹಳೆಯ ರೀತಿಯಲ್ಲೇ ಬರೆಯುತ್ತೇನೆ.

ನಿನ್ನ ಖಾಸಗಿ ಕ್ಷಮೆ ತಲುಪಿತು. ಅದನ್ನು ಸ್ನೇಹಿತನ ಮಾತೆಂದು ಇಟ್ಟುಕೊಂಡೆ, ಉತ್ತರವೆಂದು ಇಟ್ಟುಕೊಳ್ಳಲಿಲ್ಲ. ಸ್ಪರ್ಧೆ ನಡೆದದ್ದು ಸಭೆಯಲ್ಲಿ, ನಕ್ಕದ್ದು ಸಭೆ. ಹಾಗಾಗಿ ನಿನ್ನ ಕೋರಿಕೆಯನ್ನು ನಡೆಸಿಕೊಡಲಾರೆ. ಈ ಪತ್ರದ ಒಂದು ಪ್ರತಿಯನ್ನು ನ್ಯಾಮತಿಯ ಬಳಗದವರಿಗೂ ಕಳಿಸಿದ್ದೇನೆ. ನಿನ್ನ ಹಿಂದೆ ಏನನ್ನೂ ಮಾಡುವವನಲ್ಲ ನಾನು.

27ರಂದು ಮಾದರಿ ಪಾಠ ಮಾಡುವವಳು ನನ್ನ ಮಗಳು. ಯಾರ ಉತ್ತರಕ್ಕೆ ನೀನು ಸೊನ್ನೆ ಹಾಕಿದೆಯೋ ಆಕೆ, ಯಾವ ಪುಟದಲ್ಲಿ ಆಕೆಯನ್ನು ಗೇಲಿ ಮಾಡಿದೆಯೋ ಅದೇ ಪುಟವನ್ನು, ನಿನ್ನ ಎದುರಿಗೇ ಪಾಠ ಮಾಡುತ್ತಾಳೆ. ನಮ್ಮ ಮನೆಯಲ್ಲಿ ನನಗಿಂತ ಚೆನ್ನಾಗಿ ಇಂಗ್ಲಿಷ್ ಬಲ್ಲವಳು ಆಕೆ, ನಿನಗಿಂತ ಚೆನ್ನಾಗಿ ಕನ್ನಡ ಬಲ್ಲವಳೂ ಆಕೆಯೇ. ಇದನ್ನು ಬರೆಯುವಾಗ ನನ್ನ ಮುಖ ಹೇಗಿದೆ ಎಂದು ನನ್ನ ಹೆಂಡತಿ ಸರ್ವಮಂಗಳೆಯನ್ನು ಕೇಳಿದೆ. “ಬಾಗಿಲಾಗೆ ಹಿಡಿಸಂಗಿಲ್ಲ, ಹಂಗೈತೆ” ಎಂದಳು.

ನೀನು ಆ ಸಾಲುಗಳನ್ನು ತೆಗೆಯಬೇಡ. ತಿದ್ದು. “ಲಾಂಗ್ ಫೇಸ್: ಮುಖ ಸಣ್ಣದು ಮಾಡಿಕೊಳ್ಳುವುದು. ಈ ಅರ್ಥವನ್ನು ಕೊಟ್ಟವರು ಚನ್ನಗಿರಿಯ ಕೆ. ರುದ್ರಾಣಿ” ಎಂದು ಅದೇ ಪುಟದಲ್ಲಿ, ಅದೇ ಜಾಗದಲ್ಲಿ ಅಚ್ಚು ಹಾಕಿಸು. ನಗೆಪಾಟಲು ಎಂಬ ತಲೆಬರಹದ ಕೆಳಗಲ್ಲ.

ನಿನ್ನ ಮುಖದ ಚಿಂತೆ ನನಗೂ ಇದೆ. ಮೂವತ್ತು ವರ್ಷ ಪಾಠ ಮಾಡಿದ ಮೇಷ್ಟ್ರು ಶಿಷ್ಯರ ಮುಂದೆ ಎದ್ದು ನಿಂತು, ಅಂದು ತಿದ್ದಿದ್ದು ತಪ್ಪಾಗಿತ್ತು ಎಂದರೆ ಮುಖ ಹೋಗುತ್ತದೆಂದು ಯಾವ ಕೈಪಿಡಿಯಲ್ಲಿ ಬರೆದಿದೆ? ನಿನ್ನ ಶಿಷ್ಯರಲ್ಲಿ ಒಬ್ಬರಾದರೂ ಅದನ್ನು ನೋಡಿ ಕಲಿಯುತ್ತಾರೆ. ನೀನು ಮಾಡಿದ ಪಾಠಗಳಲ್ಲಿ ಅದೇ ಅವರ ನೆನಪಿನಲ್ಲಿ ಉಳಿಯಬಹುದು.

ಹೊನ್ನೂರಮ್ಮನವರನ್ನು ಕರೆದುಕೊಂಡು ಬಾ. ಹೊನ್ನಾಳಿಯಿಂದ ನ್ಯಾಮತಿ ದೂರವಲ್ಲ, ಈಗಿನ ಬಸ್ಸು ಇದ್ದಿಲು ಕೇಳುವುದೂ ಇಲ್ಲ. ಅವರನ್ನು ಮುಂದಿನ ಸಾಲಿನಲ್ಲಿ, ಸರ್ವಮಂಗಳೆಯ ಪಕ್ಕದಲ್ಲಿ ಕೂರಿಸೋಣ. ಮಗಳ ಪಾಠ ಮುಗಿದ ಮೇಲೆ, ನಿನಗೆ ಹಾರ ಹಾಕುವ ಮುಂಚೆ, ನೀನು ಎದ್ದು ಮೈಕಿನ ಮುಂದೆ ಬರಬೇಕು. ಬರುವಾಗ ಮುಖ ಸಣ್ಣದು ಮಾಡಿಕೊಳ್ಳಬೇಡ, ನಿನ್ನ ಅವ್ವನಿಗೆ ಕಾಣುತ್ತದೆ. ಅಂದು ಹೊನ್ನಾಳಿಯಲ್ಲಿ ಕೇಳಿಸಿದಷ್ಟೇ ಗಟ್ಟಿಯಾಗಿ, ಕೊನೆಯ ಸಾಲಿನವರಿಗೂ ಕೇಳಿಸುವ ಹಾಗೆ, ಒಂದೇ ಪ್ರಶ್ನೆಗೆ ಉತ್ತರ ಹೇಳಬೇಕು:

1975ರ ಜನವರಿ 18ರಂದು ಚನ್ನಗಿರಿಯ ರುದ್ರಾಣಿ ಬರೆದ ಉತ್ತರ ಸರಿಯೋ, ತಪ್ಪೋ?

ನಿನ್ನ,
ಕೊಟ್ರ